ರಸೀದಿ ಕೇಳುವುದು ಅವಿನಯವಲ್ಲ

ಮಳೆಗಾಲವು ಹಿಂಜರಿದು ಆಕಾಶವು ತಿಳಿಯಾಯಿತೆಂದರೆ ನಮ್ಮ ಕರಾವಳಿಯ ಹೆದ್ದಾರಿಯು ಮೋಟಾರು ವಾಹನಗಳಿಂದ ಕಿಕ್ಕಿರಿಯತೊಡಗುತ್ತದೆ. ಘಟ್ಟದ ಮೇಲಿನ ಊರುಗಳಿಂದ ಗೇರುಸೊಪ್ಪೆಯ ಮಾರ್ಗವಾಗಿ ಇಳಿದು ಬರುವ 69ನೆಯ ರಾಷ್ಟ್ರೀಯ ಹೆದ್ದಾರಿಯು ಕಡಲಂಚಿನ 66ನೆಯ ಹೆದ್ದಾರಿಯನ್ನು ಕೂಡಿಕೊಳ್ಳುವುದು ನಮ್ಮ ಹೊನ್ನಾವರದಲ್ಲಿಯೇ. ಆದುದರಿಂದ ಗೋಕರ್ಣ, ಇಡಗುಂಜಿ, ಮುರ್ಡೇಶ್ವರಗಳ ಯಾತ್ರಿಕರೂ, ಕಾಸರಕೋಡಿನ ಕಡಲತೀರವನ್ನು ನೋಡಲೆಂದು ಬಂದ ಪ್ರವಾಸಿಗಳೂ ಒಮ್ಮೆಯಾದರೂ ನಮ್ಮ ತಾಲೂಕಿನ ಗಡಿಯನ್ನು ದಾಟದೆ ಹೋಗುವಂತಿಲ್ಲ. ಅತಿಥಿಗಳು ಬರಲಿ, ಅವರಿಂದ ಹೋಟೆಲಿನವನಿಗೂ ರಿಕ್ಷಾದವನಿಗೂ ಎಳನೀರು ಮಾರುವವನಿಗೂ ನಾಲ್ಕು ಕಾಸು ದೊರೆಯಲಿ, ಇದು ನಮಗೆಲ್ಲ ಸಂತೋಷದ ಸಂಗತಿಯೇ. ಆದರೆ ಅತಿಥಿಯ ಹಿಂದೆಯೇ ಅತಿಥಿಯನ್ನು ಸುಲಿಯುವವನೂ ಬರುತ್ತಾನೆ. ಈಚಿನ ಕೆಲವು ವರ್ಷಗಳಲ್ಲಿ ಈ ಸುಲಿಗೆಯು ಕತ್ತಿಯನ್ನು ಬಿಟ್ಟು ದೂರವಾಣಿಯನ್ನು ಹಿಡಿದಿದೆ. ಕಾಡಿನ ದಾರಿಯನ್ನು ಬಿಟ್ಟು ವಾಹನ ನಿಲ್ಲಿಸುವ ಬಯಲಿನಲ್ಲಿ ಹೊಂಚು ಹಾಕಿದೆ. ಈ ವಿಷಯವಾಗಿ ನಮ್ಮ ವಾಚಕರಿಗೂ, ಅಷ್ಟೇ ಮುಖ್ಯವಾಗಿ ನಮ್ಮ ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳಿಗೂ ನಾವು ಎರಡು ಮಾತು ಹೇಳಬಯಸುತ್ತೇವೆ.

ಮೊದಲು ನಮ್ಮ ಅನುಭವವನ್ನೇ ಹೇಳುವೆವು. ಕೆಲವು ದಿನಗಳ ಹಿಂದೆ ನಮ್ಮ ಕಾರ್ಯಾಲಯದ ದೂರವಾಣಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶವು ಬಂತು. ನಮ್ಮ ದ್ವಿಚಕ್ರ ವಾಹನವನ್ನು ನಿಷಿದ್ಧ ಸ್ಥಳದಲ್ಲಿ ನಿಲ್ಲಿಸಿದ್ದಕ್ಕಾಗಿ ದಂಡ ವಿಧಿಸಲಾಗಿದೆಯೆಂದೂ, ಕೂಡಲೆ ತೆರದಿದ್ದರೆ ಕೋರ್ಟಿಗೆ ಹಾಜರಾಗಬೇಕಾದೀತೆಂದೂ, ವಿವರಕ್ಕಾಗಿ ಜೊತೆಗೆ ಕಳುಹಿಸಿದ ಕಡತವನ್ನು ತೆರೆಯತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ರಾಜಮುದ್ರೆಯಂತೆ ಕಾಣುವ ಚಿತ್ರವೂ ಇತ್ತು. ವಾಹನದ ಸಂಖ್ಯೆಯೂ ಸರಿಯಾಗಿತ್ತು. ಸರಿಯಿಲ್ಲದಿದ್ದುದು ಒಂದೇ: ಸಂದೇಶವು ಹೇಳಿದ ದಿನ ಆ ವಾಹನವು ದುರಸ್ತಿಗಾಗಿ ಗ್ಯಾರೇಜಿನಲ್ಲಿ ಬಿದ್ದಿತ್ತು! ಅದು ಗ್ಯಾರೇಜಿನಲ್ಲಿ ಇರದೆ ಪೇಟೆಯಲ್ಲಿಯೇ ಓಡಾಡುತ್ತಿದ್ದಿದ್ದರೆ ನಾವೂ ಆ ಕಡತವನ್ನು ತೆರೆಯುತ್ತಿದ್ದೆವೋ ಏನೋ. ಪತ್ರಿಕೆ ನಡೆಸುವವರೆಂಬ ಹೆಮ್ಮೆಯು ಇಂಥ ಹೊತ್ತಿನಲ್ಲಿ ರಕ್ಷಣೆಗೆ ಬರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ.

ಇಂಥ ಕಡತದೊಳಗೆ ದಂಡದ ಚೀಟಿ ಇರುವುದಿಲ್ಲ. 'ಎಪಿಕೆ' ಎಂಬ ಹೆಸರಿನಿಂದ ಮುಗಿಯುವ ಆ ಕಡತವು ಆಂಡ್ರಾಯಿಡ್ ದೂರವಾಣಿಯಲ್ಲಿ ಒಂದು ಹೊಸ ಉಪಕರಣವನ್ನೇ ಸ್ಥಾಪಿಸುವಂಥದು. ಅದನ್ನು ಒಳಗೆ ಬಿಟ್ಟುಕೊಂಡು, ಅದು ಕೇಳಿದ ಅನುಮತಿಗಳಿಗೆಲ್ಲ 'ಆಗಲಿ' ಎಂದು ಒತ್ತಿದವನು ತನ್ನ ಮನೆಯ ಕೀಲಿಕೈಗೊಂಚಲನ್ನು ಕಳ್ಳನ ಕೈಯಲ್ಲಿಟ್ಟಂತೆಯೇ ಸರಿ. ಬ್ಯಾಂಕು ಕಳುಹಿಸುವ ಗುಪ್ತಸಂಖ್ಯೆಯನ್ನು, ಅಂದರೆ ಒಟಿಪಿಯನ್ನು, ಮಾಲೀಕನಿಗಿಂತ ಮೊದಲೇ ಅದು ಓದುತ್ತದೆ. ಓದಿ ದೂರದಲ್ಲಿ ಕುಳಿತವನಿಗೆ ರವಾನಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ದೂರವಾಣಿಯಲ್ಲಿರುವ ಬಂಧುಮಿತ್ರರಿಗೆಲ್ಲ ಅದೇ ಸಂದೇಶವನ್ನು ಹಂಚುವುದೂ ಉಂಟು. ಹೀಗೆ ಮೋಸಕ್ಕೆ ಸಿಕ್ಕವನೇ ಅರಿಯದೆ ಮೋಸದ ದೂತನಾಗುತ್ತಾನೆ. 2024ರಲ್ಲಿ ಕ್ಲೌಡ್‌ಸೆಕ್ ಎಂಬ ಗಣಕಭದ್ರತಾ ಸಂಸ್ಥೆಯು ಇಂಥದೊಂದು ಜಾಲವನ್ನು ಬಯಲಿಗೆಳೆದಾಗ, ಅದರ ಸೂತ್ರಧಾರರು ವಿಯೆಟ್ನಾಮಿನವರೆಂದೂ, 4,400ಕ್ಕಿಂತ ಹೆಚ್ಚು ದೂರವಾಣಿಗಳು ಅದಕ್ಕೆ ಬಲಿಯಾಗಿದ್ದವೆಂದೂ, ಹೆಚ್ಚು ಪೀಡಿತವಾದ ಪ್ರಾಂತಗಳಲ್ಲಿ ಗುಜರಾತದ ತರುವಾಯ ನಮ್ಮ ಕರ್ನಾಟಕವೇ ಇದ್ದಿತೆಂದೂ ತಿಳಿಸಿತು. ಹೊನ್ನಾವರದ ಬಡ ಸ್ಕೂಟರು ಮಾಲೀಕನಿಗೆ ಬಲೆ ಬೀಸುವವನು ಇನ್ನು ಮುಂದೆ ಪಕ್ಕದ ಊರಿನವನೇ ಆಗಿರಬೇಕೆಂದಿಲ್ಲ.

ಕಳ್ಳನಿಗೊಂದು ಪಿಳ್ಳೆನೆವ ಎಂಬ ಗಾದೆಯಂತೆ, ಈ ವಂಚಕರು ಯಾವಾಗಲೂ ಸರಕಾರದ ಯಾವುದಾದರೂ ನಿಜವಾದ ಪ್ರಕಟನೆಯ ನೆರಳಿನಲ್ಲಿಯೇ ನಿಲ್ಲುತ್ತಾರೆ. ಬಾಕಿ ಉಳಿದ ಸಂಚಾರ ದಂಡಗಳ ಮೇಲೆ ಕರ್ನಾಟಕ ಸರಕಾರವು 2023ರ ಫೆಬ್ರವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿಯನ್ನು ಕೊಟ್ಟಿತು. 2025ರ ಆಗಸ್ಟ್ 23ರಿಂದ ಸಪ್ಟೆಂಬರ್ 12ರವರೆಗೆ ಪುನಃ ಕೊಟ್ಟಿತು. ಇಂಥ ದಿನಗಳಲ್ಲಿ 'ಇಂದೇ ಕಟ್ಟಿದರೆ ಅರ್ಧ' ಎಂಬ ಸುಳ್ಳು ಸಂದೇಶವು ಬಂದರೆ ಅದನ್ನು ನಂಬದವನಾರು? ಫಾಸ್ಟ್ಯಾಗಿನ ವಿಷಯವೂ ಹಾಗೆಯೇ. 2021ರ ಫೆಬ್ರವರಿಯಲ್ಲಿ ಅದು ಕಡ್ಡಾಯವಾಯಿತು. 2024ರ ಮೊದಲ ಮೂರು ತಿಂಗಳುಗಳಲ್ಲಿ ಗ್ರಾಹಕರ ಗುರುತಿನ ದಾಖಲೆ ಪೂರ್ಣವಿಲ್ಲದ ಫಾಸ್ಟ್ಯಾಗುಗಳು ನಿಂತುಹೋಗುವವೆಂದು ಹೆದ್ದಾರಿ ಪ್ರಾಧಿಕಾರವು ಸಾರಿ, ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿತು. ಅದೇ ಕಾಲಕ್ಕೆ ಒಂದು ಪಾವತಿ ಬ್ಯಾಂಕಿನ ಮೇಲೆ ರಿಜರ್ವ್ ಬ್ಯಾಂಕು ನಿರ್ಬಂಧ ಹೇರಿದ್ದರಿಂದ ಲಕ್ಷಾಂತರ ವಾಹನಗಳವರು ಫಾಸ್ಟ್ಯಾಗನ್ನೇ ಬದಲಿಸಬೇಕಾಯಿತು. ಜನರು ಗಲಿಬಿಲಿಗೊಂಡ ಹೊತ್ತೇ ವಂಚಕನಿಗೆ ಸುಗ್ಗಿ. 'ನಿಮ್ಮ ಫಾಸ್ಟ್ಯಾಗು ನಿಂತುಹೋಗಿದೆ, ಸರಿಪಡಿಸುತ್ತೇವೆ' ಎಂಬ ಕರೆಯು ಅಂಥ ಗಲಿಬಿಲಿಯ ಮೇಲೆಯೇ ಬದುಕುತ್ತದೆ.

ಇದು ಪರದೇಶದ ಕಥೆಯಲ್ಲ, ನಮ್ಮ ಹೆದ್ದಾರಿಯದೇ ವೃತ್ತಾಂತ. 2023ರ ಜನವರಿಯ ಕೊನೆಯಲ್ಲಿ ಉಡುಪಿ ಜಿಲ್ಲೆಯ ವಾಹನ ಮಾಲೀಕರೊಬ್ಬರು ಇದೇ 66ನೆಯ ಹೆದ್ದಾರಿಯಲ್ಲಿ ಮಂಗಳೂರಿಗೆ ಹೋಗುತ್ತಿದ್ದಾಗ ಹೆಜಮಾಡಿಯ ಸುಂಕದ ಕಟ್ಟೆಯಲ್ಲಿ ಫಾಸ್ಟ್ಯಾಗಿನಲ್ಲಿ ಹಣ ಸಾಲದೆ ಹೋಯಿತು. ಹಣ ತುಂಬುವ ಆತುರದಲ್ಲಿ ಅವರು ಅಂತರ್ಜಾಲದಲ್ಲಿ ಸಹಾಯವಾಣಿಯ ಸಂಖ್ಯೆಯನ್ನು ಹುಡುಕಿ ಕರೆ ಮಾಡಿದರು. ಅತ್ತ ಕಡೆ ಮಾತಾಡಿದವನು ಸಹಾಯಕನಲ್ಲ, ವಂಚಕ. ಅವನು ಕೇಳಿದ ಗುಪ್ತಸಂಖ್ಯೆಯನ್ನು ಹೇಳಿದ ಕೆಲವೇ ಕ್ಷಣಗಳಲ್ಲಿ ಹಲವು ಕಂತುಗಳಲ್ಲಿ ಸುಮಾರು ಒಂದು ಲಕ್ಷ ರೂಪಾಯಿ ಅವರ ಖಾತೆಯಿಂದ ಹೊರಟುಹೋಯಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ವಂಚಕನು ಅವರನ್ನು ಕರೆಯಲಿಲ್ಲ. ಅವರೇ ವಂಚಕನನ್ನು ಕರೆದರು. ಮೀನು ತಾನಾಗಿಯೇ ಗಾಳವನ್ನು ಹುಡುಕಿಕೊಂಡು ಹೋದಂತಾಯಿತು. ಹಿಂದೆ ವಾಹನಗಳ ಸಾಲು, ಹಾರನ್ನಿನ ಆರ್ಭಟ, ಮುಂದೆ ಎತ್ತದ ಗೇಟು: ಇಂಥ ಹೊತ್ತಿನಲ್ಲಿ ಎಂಥ ಜಾಣನೂ ಎಡವಬಹುದು.

ಆದುದರಿಂದ ಹೊಳೆಗದ್ದೆಯ ಸುಂಕದ ಕಟ್ಟೆಯನ್ನಾಗಲಿ ಶಿರೂರಿನದನ್ನಾಗಲಿ ದಾಟುವ ನಮ್ಮ ತಾಲೂಕಿನ ವಾಹನಸ್ಥರು ಮೂರು ಸಂಗತಿಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳಿತು. ಒಂದನೆಯದು, ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿಯ ಸಂಖ್ಯೆ 1033. ಅದನ್ನು ಹುಡುಕಬೇಕಾದ್ದಿಲ್ಲ, ನೆನಪಿಟ್ಟರೆ ಸಾಕು. ಎರಡನೆಯದು, 2018ರಲ್ಲಿ ಆದ ನಿಯಮದಂತೆ, ಫಾಸ್ಟ್ಯಾಗು ಸಿಂಧುವಾಗಿದ್ದು ಅದರಲ್ಲಿ ಸಾಕಷ್ಟು ಹಣವಿದ್ದು, ಕಟ್ಟೆಯ ಯಂತ್ರವೇ ಕೆಟ್ಟುದರಿಂದ ಸುಂಕ ಕಡಿತವಾಗದಿದ್ದರೆ, ವಾಹನವನ್ನು ಸುಂಕವಿಲ್ಲದೆ ಬಿಡತಕ್ಕದ್ದು. ಸೊನ್ನೆ ರೂಪಾಯಿಯ ರಸೀದಿಯನ್ನೂ ಕೊಡತಕ್ಕದ್ದು. ಮೂರನೆಯದು, ದೋಷವು ನಮ್ಮ ಫಾಸ್ಟ್ಯಾಗಿನದೇ ಆಗಿದ್ದರೂ ಪ್ರಳಯವೇನೂ ಆಗುವುದಿಲ್ಲ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ನಿಯಮದಂತೆ, ಅಂಥವನು ಯುಪಿಐ ಮೂಲಕ ತೆತ್ತರೆ ಒಂದೂಕಾಲು ಪಟ್ಟು ಸುಂಕ ಕೊಟ್ಟು ಮುಂದುವರಿಯಬಹುದು. ನೂರು ರೂಪಾಯಿಯ ಜಾಗದಲ್ಲಿ ನೂರ ಇಪ್ಪತ್ತೈದು ಹೋದೀತು; ಅಪರಿಚಿತನ ಸಹಾಯಕ್ಕೆ ಕೈಯೊಡ್ಡಿದರೆ ಲಕ್ಷವೇ ಹೋದೀತು. ಕಾಯಿದೆಯನ್ನು ಬಲ್ಲವನಿಗೆ ಆತುರವಿರುವುದಿಲ್ಲ. ಆತುರವಿಲ್ಲದವನಿಗೆ ವಂಚಕನು ಹೆದರುತ್ತಾನೆ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಹುಸಿ ಸಹಾಯದಂತೆ ಹುಸಿ ಭಯವೂ ಉಂಟು. ಕಾರಿನ ಗಾಜು ಒರೆಸುವ ಹುಡುಗನೊಬ್ಬನು ಕೈಗಡಿಯಾರದಿಂದಲೇ ಫಾಸ್ಟ್ಯಾಗಿನ ಹಣವನ್ನು ಕದಿಯುವನೆಂಬ ಚಲನಚಿತ್ರವೊಂದು 2022ರಲ್ಲಿ ದೇಶದಲ್ಲೆಲ್ಲ ಹರಡಿತು. ಅದು ಶುದ್ಧ ಸುಳ್ಳು; ನೋಂದಾಯಿತ ಸುಂಕದ ಕಟ್ಟೆ ಮುಂತಾದ ವ್ಯಾಪಾರಸ್ಥರ ಹೊರತು ಬೇರೆಯವರು ಫಾಸ್ಟ್ಯಾಗಿನಿಂದ ಹಣವನ್ನು ತೆಗೆಯಲು ಬರುವುದಿಲ್ಲವೆಂದು ರಾಷ್ಟ್ರೀಯ ಪಾವತಿ ನಿಗಮವೇ ತಿಳಿಸಿತು. ಆದರೂ ಆ ಬಡ ಹುಡುಗರ ಮೇಲೆ ಬಿದ್ದ ಸಂಶಯವು ಎಷ್ಟು ಬೇಗ ಅಳಿದೀತು? ಎಚ್ಚರವೆಂದರೆ ಕಂಡವರನ್ನೆಲ್ಲ ಕಳ್ಳರೆನ್ನುವುದಲ್ಲ; ಯಾವ ಬಾಗಿಲಿನಿಂದ ಕಳ್ಳನು ಬರುತ್ತಾನೆಂಬುದನ್ನು ಅರಿತು ಆ ಬಾಗಿಲಿಗೆ ಅಗಳಿ ಹಾಕುವುದು.

ಈಗ ವಾಹನ ನಿಲ್ಲಿಸುವ ಬಯಲಿನ ಮಾತಿಗೆ ಬರೋಣ. ತೀರ್ಥಕ್ಷೇತ್ರಗಳಲ್ಲಿಯೂ ಕಡಲತೀರಗಳಲ್ಲಿಯೂ ವಾಹನ ನಿಲುಗಡೆಗೆ ಶುಲ್ಕ ಎತ್ತುವುದು ಅನ್ಯಾಯವೆಂದು ನಾವು ಹೇಳುವುದಿಲ್ಲ. ಸ್ಥಳೀಯ ಸಂಸ್ಥೆಯು ಠರಾವು ಮಾಡಿ, ದರವನ್ನು ನಿಶ್ಚಯಿಸಿ, ಲಿಲಾವಿನ ಮೂಲಕ ಗುತ್ತಿಗೆ ಕೊಟ್ಟು, ಬಂದ ಹಣದಿಂದ ಶೌಚಾಲಯವನ್ನೂ ದೀಪವನ್ನೂ ನೆರಳನ್ನೂ ಒದಗಿಸಿದರೆ ಅದು ನ್ಯಾಯವಾದ ಆದಾಯವೇ. ಆದರೆ ಪ್ರವಾಸಿಯ ಕಣ್ಣಿನಿಂದ ನೋಡಿರಿ. ಅವನು ವಾಹನದಿಂದ ಕಾಲು ಕೆಳಗಿಡುವಷ್ಟರಲ್ಲಿ ಕೊರಳಿಗೆ ಚೀಲ ಹಾಕಿದ ತರುಣನೊಬ್ಬನು ಬಂದು ಕೈ ಚಾಚುತ್ತಾನೆ. ಅನೇಕ ಕಡೆಗಳಲ್ಲಿ ದರದ ಫಲಕವಿಲ್ಲ. ಇದ್ದರೆ ಅಕ್ಷರ ಅಳಿಸಿಹೋಗಿದೆ. ಎದೆಯ ಮೇಲೆ ಗುರುತಿನ ಬಿಲ್ಲೆಯಿಲ್ಲ. ಚೀಟಿ ಕೇಳಿದರೆ 'ಮುಗಿದುಹೋಗಿದೆ' ಎಂಬ ಉತ್ತರ. ಕೊಟ್ಟರೂ ಅದರ ಮೇಲೆ ಸಂಸ್ಥೆಯ ಹೆಸರಿಲ್ಲ, ಅನುಕ್ರಮ ಸಂಖ್ಯೆಯಿಲ್ಲ, ದಿನಾಂಕವಿಲ್ಲ. ಈ ತರುಣನು ನಿಜವಾದ ಗುತ್ತಿಗೆದಾರನ ಆಳೋ, ಅಥವಾ ಜನಜಂಗುಳಿಯ ದಿನ ನೋಡಿ ತಾನಾಗಿ ನಿಂತವನೋ, ಅರಿಯುವ ಬಗೆಯೇನು? ನಾವು ಇಂಥ ಪಂಚಾಯತಿ ಅಂಥ ಗುತ್ತಿಗೆದಾರನೆಂದು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ನಮ್ಮ ಮಾತು ಇಷ್ಟೇ: ಎಲ್ಲಿ ಪ್ರಾಮಾಣಿಕನೂ ವಂಚಕನೂ ಒಂದೇ ವೇಷದಲ್ಲಿ ನಿಲ್ಲುತ್ತಾರೋ ಅಲ್ಲಿ ವಂಚಕನಿಗೆ ವೇಷ ಕಟ್ಟುವ ಶ್ರಮವೇ ಇಲ್ಲ.

ಯಕ್ಷಗಾನದ ನಾಡಿನವರಾದ ನಮಗೆ ವೇಷದ ಮಹಿಮೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಿರೀಟ ಕಟ್ಟಿ ಬಂದವನನ್ನು ರಂಗಸ್ಥಳದಲ್ಲಿ ರಾಜನೆಂದು ಒಪ್ಪುತ್ತೇವೆ. ಬೆಳಗಾದ ಮೇಲೆ ಅವನು ಕಂದಾಯ ಕೇಳಬಂದರೆ ಕೊಡುತ್ತೇವೆಯೇ? ಆದರೆ ಬಯಲಿನಲ್ಲಿ ಚೀಲ ಹಾಕಿ ನಿಂತವನಿಗೂ, ದೂರವಾಣಿಯಲ್ಲಿ ರಾಜಮುದ್ರೆ ಅಂಟಿಸಿ ಬಂದ ಸಂದೇಶಕ್ಕೂ ನಾವು ಹಗಲಿನಲ್ಲಿಯೇ ಕಂದಾಯ ಕೊಡುತ್ತಿದ್ದೇವೆ. ಇವೆರಡೂ ಬೇರೆ ಬೇರೆ ರೋಗಗಳೆಂದು ಅನೇಕರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ರೋಗವು ಒಂದೇ. ಕೇಳಿದವನಾರು, ಯಾವ ಅಧಿಕಾರದಿಂದ ಕೇಳಿದನು, ಕೊಟ್ಟದ್ದಕ್ಕೆ ಗುರುತೇನು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಕೊಡುವ ಅಭ್ಯಾಸವೇ ಆ ರೋಗ. ಇಪ್ಪತ್ತು ರೂಪಾಯಿಯ ಬಯಲಿನಲ್ಲಿ ಬೆಳೆದ ಅಭ್ಯಾಸವು ಲಕ್ಷ ರೂಪಾಯಿಯ ದೂರವಾಣಿ ಕರೆಯಲ್ಲಿ ಫಲ ಕೊಡುತ್ತದೆ.

ಈಗ ಬಯಲಿನ ತರುಣನ ಕೈಯಲ್ಲಿ ಚೀಟಿಯ ಪುಸ್ತಕದ ಬದಲಿಗೆ ಕ್ಯೂಆರ್ ಕೋಡಿನ ಫಲಕವೂ ಬಂದಿದೆ. 2016ರಲ್ಲಿ ಆರಂಭವಾದ ಯುಪಿಐ ನಮ್ಮ ದೇಶದ ಹೆಮ್ಮೆ. ಚಿಲ್ಲರೆಯ ಜಗಳವನ್ನು ಅದು ನಿಲ್ಲಿಸಿತು. ಆದರೆ ಆ ಕಪ್ಪುಬಿಳುಪಿನ ಚೌಕವನ್ನು ಮನುಷ್ಯನ ಕಣ್ಣು ಓದಲಾರದು. ಒಂದರ ಮೇಲೆ ಇನ್ನೊಂದನ್ನು ಅಂಟಿಸಿದರೆ ಯಾರಿಗೆ ತಿಳಿದೀತು? ಅಮೆರಿಕದ ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೋ ನಗರದಲ್ಲಿ 2021ರ ಡಿಸೆಂಬರಿನಲ್ಲಿ ನೂರಕ್ಕೂ ಹೆಚ್ಚು ನಿಲುಗಡೆ ಯಂತ್ರಗಳ ಮೇಲೆ ಇಂಥ ಸುಳ್ಳು ಚೌಕಗಳು ಅಂಟಿದ್ದುದು ಕಂಡುಬಂತು. ಮರುತಿಂಗಳು ಅದೇ ಪ್ರಾಂತದ ಆಸ್ಟಿನ್ ನಗರದಲ್ಲಿಯೂ ಸಿಕ್ಕವು. ಅಷ್ಟು ದೂರ ಹೋಗುವುದೇಕೆ? ನಮ್ಮಂತೆಯೇ ಪ್ರವಾಸಿಗಳ ಊರಾದ ಮಧ್ಯಪ್ರದೇಶದ ಖಜುರಾಹೋದಲ್ಲಿ 2025ರ ಜನವರಿಯಲ್ಲಿ ರಾತ್ರಿಯ ಹೊತ್ತು ಯಾರೋ ಅಂಗಡಿಗಳ ಮೇಲೂ ಪೆಟ್ರೋಲ್ ಬಂಕಿನ ಮೇಲೂ ತಮ್ಮ ಚೌಕಗಳನ್ನು ಅಂಟಿಸಿ ಹೋದರು. ಮಾಲು ಅಂಗಡಿಯಿಂದ ಹೊರಟಿತು, ಹಣ ಕಳ್ಳನಿಗೆ ಸೇರಿತು. ತೆತ್ತ ಹಣವು ತಮಗೆ ಬಾರದುದನ್ನೂ, ಹೆಸರು ಬೇರೆ ತೋರುವುದನ್ನೂ ಕಂಡ ಮೇಲೆಯೇ ಅಂಗಡಿಕಾರರಿಗೆ ಗುಟ್ಟು ತಿಳಿಯಿತು.

ಪರಿಹಾರವೂ ಅಲ್ಲಿಯೇ ಇದೆ: ಹೆಸರನ್ನು ಓದುವುದು. 2025ರ ಜೂನ್ ಕೊನೆಯಿಂದ ಯುಪಿಐ ಉಪಕರಣಗಳು ಹಣ ಪಡೆಯುವವನ ಬ್ಯಾಂಕಿನಲ್ಲಿ ದಾಖಲಾದ ನಿಜನಾಮವನ್ನೇ ತೋರಿಸಬೇಕೆಂದು ಪಾವತಿ ನಿಗಮವು ವಿಧಿಸಿದೆ. ಪಿನ್ ಒತ್ತುವ ಮೊದಲು ಆ ಹೆಸರನ್ನು ನೋಡಿರಿ. ಸ್ಥಳೀಯ ಸಂಸ್ಥೆಯ ಹೆಸರೋ ಗುತ್ತಿಗೆದಾರನ ಹೆಸರೋ ಇರಬೇಕಾದಲ್ಲಿ ಊರು ಕೇರಿ ತಿಳಿಯದ ವ್ಯಕ್ತಿಯ ಹೆಸರಿದ್ದರೆ ಕೈ ಹಿಂದೆಗೆಯಿರಿ. ನಗದು ಕೊಟ್ಟು ರಸೀದಿ ಪಡೆಯಿರಿ. ಚೌಕದ ಅಂಚು ಎದ್ದಿದ್ದರೆ ಉಗುರಿನಿಂದ ಮುಟ್ಟಿ ನೋಡಿರಿ. 'ಹೆಚ್ಚು ಕಡಿತವಾದ ಹಣವನ್ನು ಮರಳಿಸುತ್ತೇವೆ, ಪಿನ್ ಒತ್ತಿರಿ' ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿರಿ. ಪಿನ್ ಬೇಕಾಗುವುದು ಕೊಡುವುದಕ್ಕೆ, ಪಡೆಯುವುದಕ್ಕೆ ಅಲ್ಲ. ದಂಡದ ಸಂದೇಶ ಬಂದರೆ ಅದರೊಳಗಿನ ಕೊಂಡಿಯನ್ನು ಮುಟ್ಟದೆ, ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣವನ್ನು ನೀವೇ ತೆರೆದು ವಾಹನದ ಸಂಖ್ಯೆಯನ್ನು ಕೊಟ್ಟು ನೋಡಿರಿ. ಅದರ ವಿಳಾಸವು ಜಿ-ಒ-ವಿ, ಚುಕ್ಕೆ, ಐ-ಎನ್ ಎಂದು ಮುಗಿಯುತ್ತದೆ. ಅದೂ ಬಾರದವರು ಹತ್ತಿರದ ಪೋಲೀಸು ಠಾಣೆಗೆ ಹೋಗಿ ಕೇಳಲಿ. ಸರಕಾರವು ದಂಡ ವಸೂಲಿಗಾಗಿ ವಾಟ್ಸ್‌ಆ್ಯಪಿನಲ್ಲಿ ಎಪಿಕೆ ಕಡತವನ್ನು ಕಳುಹಿಸುವುದಿಲ್ಲವೆಂಬ ಒಂದು ವಾಕ್ಯವನ್ನು ಪ್ರತಿ ಮನೆಯ ಹಿರಿಯರಿಗೂ ಮಕ್ಕಳು ಹೇಳಿಕೊಡಲಿ.

ಆದರೆ ಎಚ್ಚರವೆಲ್ಲ ಪ್ರಜೆಯ ತಲೆಗೇ, ಸರಕಾರಕ್ಕೆ ಬರಿಯ ಪ್ರಕಟನೆ ಹೊರಡಿಸುವ ಕೆಲಸ ಎಂಬ ನೀತಿಯನ್ನು ನಾವು ಒಪ್ಪಲಾರೆವು. ವಂಚಕನಿಗೆ ನಮ್ಮ ವಾಹನದ ಸಂಖ್ಯೆ ತಿಳಿದುದು ಹೇಗೆ? ಅನೇಕ ದಾರಿಗಳಿರಬಹುದು. ಆದರೆ ಒಂದು ಸಂಗತಿಯನ್ನು ಮರೆಯಬಾರದು. ವಾಹನ ನೋಂದಣಿ ಮತ್ತು ಚಾಲನಾ ಪರವಾನಿಗೆಗಳ ದಾಖಲೆಗಳನ್ನು ನೋಡುವ ಹಕ್ಕನ್ನು 87 ಖಾಸಗಿ ಕಂಪನಿಗಳಿಗೂ 32 ಸರಕಾರಿ ಸಂಸ್ಥೆಗಳಿಗೂ ಕೊಟ್ಟು ಸುಮಾರು 65 ಕೋಟಿ ರೂಪಾಯಿ ಸಂಪಾದಿಸಿದೆವೆಂದು ಕೇಂದ್ರ ಸಾರಿಗೆ ಸಚಿವರೇ 2019ರ ಜುಲೈಯಲ್ಲಿ ರಾಜ್ಯಸಭೆಗೆ ತಿಳಿಸಿದ್ದರು. ದುರುಪಯೋಗದ ಆತಂಕ ಕಂಡುಬಂದು 2020ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಆ ಮಾರಾಟದಿಂದಲೇ ಇಂದಿನ ಮೋಸ ಹುಟ್ಟಿತೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಲು ನಮ್ಮಲ್ಲಿ ಆಧಾರವಿಲ್ಲ. ಆದರೆ ಪ್ರಜೆಯು ಕಾಯಿದೆಗೆ ತಲೆಬಾಗಿ ಕೊಟ್ಟ ಮಾಹಿತಿಯನ್ನು ಸರಕು ಮಾಡಿದ ಸರಕಾರವು ಅದೇ ಪ್ರಜೆಗೆ 'ನಿಮ್ಮ ಮಾಹಿತಿಯನ್ನು ಜೋಪಾನ ಮಾಡಿರಿ' ಎಂದು ಬೋಧಿಸುವಾಗ ಸ್ವಲ್ಪ ಸಂಕೋಚಪಡಬೇಕಲ್ಲವೇ? ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಕಾಯಿದೆಯಾಯಿತು. ಅದರ ನಿಯಮಗಳು ಹೊರಬೀಳಲು 2025ರ ನವೆಂಬರವರೆಗೆ ಕಾಯಬೇಕಾಯಿತು. ಕಳ್ಳನು ದೂರವಾಣಿಯ ವೇಗದಲ್ಲಿಯೂ ಕಾನೂನು ಎತ್ತಿನ ಗಾಡಿಯ ವೇಗದಲ್ಲಿಯೂ ನಡೆದರೆ ಗೆಲ್ಲುವವರು ಯಾರೆಂದು ಹೇಳಬೇಕಾಗಿಲ್ಲ. ಗಣಕ ವಂಚನೆಗಳಿಂದ ದೇಶದ ಜನರು 2024ನೆಯ ಒಂದೇ ವರ್ಷದಲ್ಲಿ ಕಳೆದುಕೊಂಡ ಹಣವು 22,845 ಕೋಟಿ ರೂಪಾಯಿಯೆಂದೂ, ಹಿಂದಿನ ವರ್ಷ ಅದು 7,465 ಕೋಟಿಯಾಗಿತ್ತೆಂದೂ ಸಂಸತ್ತಿಗೆ ಕೊಟ್ಟ ಲೆಕ್ಕವೇ ಇದನ್ನು ಹೇಳುತ್ತದೆ.

ಇಷ್ಟಾಗಿಯೂ ಹಣ ಹೋದರೆ ಮಾಡತಕ್ಕದ್ದೇನು? ಮೊದಲನೆಯದಾಗಿ ನಾಚಿಕೆಯನ್ನು ಬಿಡತಕ್ಕದ್ದು. ಮೋಸಹೋದವನು ಅಪರಾಧಿಯಲ್ಲ. ಮನೆಯವರಿಗೆ ತಿಳಿದರೆ ಬೈದಾರೆಂದು ಎರಡು ದಿನ ಬಾಯಿ ಮುಚ್ಚಿಕೊಂಡವನೇ ಕಳ್ಳನಿಗೆ ಓಡಿಹೋಗಲು ಎರಡು ದಿನ ಕೊಟ್ಟಂತಾಗುತ್ತದೆ. ಕೂಡಲೆ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ಅದನ್ನು ತಡೆಹಿಡಿಯಲು ಇರುವ ವ್ಯವಸ್ಥೆ ಅದು. ಹಾಗೆಯೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಕಾರವಾರದಲ್ಲಿ ಇಂಥ ಅಪರಾಧಗಳಿಗೆಂದೇ ಸಿಇಎನ್ ಪೋಲೀಸು ಠಾಣೆಯಿದೆ. ಗ್ರಾಹಕನ ತಪ್ಪಿಲ್ಲದೆ ಮೂರನೆಯವರ ಮೋಸದಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಮೇಲೆ ಹೊಣೆಯಿಲ್ಲವೆಂದೂ, ಅವನೇ ಗುಪ್ತಸಂಖ್ಯೆಯನ್ನು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದೆಂದೂ ರಿಜರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯು ತತ್ತ್ವವನ್ನು ಹಾಕಿಕೊಟ್ಟಿತು. ಯಾವ ದಾರಿಯಿಂದ ನೋಡಿದರೂ ಬೇಗ ತಿಳಿಸಿದವನಿಗೇ ಲಾಭ. ಹಣ ಹೋಗದೆ ಬರಿಯ ಸಂಶಯಾಸ್ಪದ ಕರೆ ಬಂದಿದ್ದರೂ ಸುಮ್ಮನಿರಬಾರದು. ಸಂಚಾರ್ ಸಾಥಿಯಲ್ಲಿ 2024ರ ಮಾರ್ಚಿನಿಂದ ಇರುವ 'ಚಕ್ಷು' ಎಂಬ ವಿಭಾಗದಲ್ಲಿ ಅದನ್ನು ವರದಿ ಮಾಡಬಹುದು. ನಮ್ಮನ್ನು ಹಿಡಿಯಲಾರದ ಬಲೆಯು ನೆರೆಯವನನ್ನು ಹಿಡಿದೀತು.

ಇನ್ನು ನಮ್ಮ ತಾಲೂಕಿನ, ಹಾಗೂ ನೆರೆಯ ಕುಮಟೆ ಭಟ್ಕಳಗಳ ಸ್ಥಳೀಯ ಸಂಸ್ಥೆಗಳಿಗೆ ನಮ್ಮ ವಿಜ್ಞಾಪನೆ. ಇದಕ್ಕೆ ಕೋಟಿ ರೂಪಾಯಿ ಬೇಡ, ಹೊಸ ಕಾಯಿದೆಯೂ ಬೇಡ. ಶುಲ್ಕ ಎತ್ತುವ ಪ್ರತಿಯೊಂದು ಬಯಲಿನ ಬಾಗಿಲಲ್ಲಿ ದರವನ್ನೂ ಅವಧಿಯನ್ನೂ ಗುತ್ತಿಗೆದಾರನ ಹೆಸರನ್ನೂ ಠರಾವಿನ ಸಂಖ್ಯೆಯನ್ನೂ ದೂರು ಹೇಳಬೇಕಾದ ದೂರವಾಣಿಯನ್ನೂ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆಯಿಸಿರಿ. ಹೊರಪ್ರಾಂತದವರಿಗಾಗಿ ಇನ್ನೊಂದು ಭಾಷೆಯನ್ನೂ ಸೇರಿಸಿರಿ. ಶುಲ್ಕವಿಲ್ಲದ ಕಡೆ 'ಇಲ್ಲಿ ಶುಲ್ಕವಿಲ್ಲ' ಎಂದೂ ಬರೆಯಿಸಿರಿ. ಹಣ ಎತ್ತುವವನಿಗೆ ಭಾವಚಿತ್ರವಿರುವ ಗುರುತಿನ ಬಿಲ್ಲೆ ಕೊಡಿರಿ. ಅನುಕ್ರಮ ಸಂಖ್ಯೆಯ ಮುದ್ರಿತ ರಸೀದಿ ಇಲ್ಲದೆ ಹಣ ಎತ್ತಕೂಡದೆಂದೂ, ರಸೀದಿ ಕೊಡದಿದ್ದರೆ ಶುಲ್ಕ ಕೊಡಬೇಕಾದ್ದಿಲ್ಲವೆಂದೂ ಅದೇ ಫಲಕದ ಮೇಲೆ ಸಾರಿರಿ. ಕ್ಯೂಆರ್ ಚೌಕವು ಸಂಸ್ಥೆಯ ಖಾತೆಯದೇ ಆಗಿರಲಿ, ದಿನಕ್ಕೊಮ್ಮೆ ಅದನ್ನು ಪರೀಕ್ಷಿಸುವ ಹೊಣೆ ಒಬ್ಬನ ಮೇಲಿರಲಿ. ಪ್ರಾಮಾಣಿಕ ಗುತ್ತಿಗೆದಾರನಿಗೂ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಅವನ ಹೆಸರಿನಲ್ಲಿ ಎತ್ತುವ ಹುಸಿಯವನು ಅವನ ಗಂಟನ್ನೇ ಕದಿಯುತ್ತಿದ್ದಾನಷ್ಟೆ.

ಕೆಲವು ಮಿತ್ರರು ನಮಗೆ ಹೇಳುವುದುಂಟು: 'ಇಪ್ಪತ್ತು ಮೂವತ್ತು ರೂಪಾಯಿಗೆ ಇಷ್ಟೊಂದು ತಗಾದೆಯೇಕೆ? ಹೆಂಡಿರು ಮಕ್ಕಳೊಡನೆ ದೇವರ ದರ್ಶನಕ್ಕೆ ಬಂದವನು ಬಿಸಿಲಿನಲ್ಲಿ ನಿಂತು ಜಗಳಾಡಬೇಕೇ?' ಈ ಮಾತಿನಲ್ಲಿ ಅರ್ಥವಿಲ್ಲದಿಲ್ಲ. ಜಗಳಾಡಬೇಕೆಂದು ನಾವೂ ಹೇಳುವುದಿಲ್ಲ. ಬಿಸಿಲಿನಲ್ಲಿ ನಿಂತ ಆ ತರುಣನೂ ಹೊಟ್ಟೆಪಾಡಿಗಾಗಿ ದಿನಗೂಲಿಗೆ ನಿಂತವನೇ. ಅವನನ್ನು ಏಕವಚನದಲ್ಲಿ ಗದರಿಸುವುದು ನಾಗರಿಕತೆಯಲ್ಲ. 'ತಮ್ಮಾ, ರಸೀದಿ ಕೊಡಪ್ಪ' ಎಂದು ನಗುನಗುತ್ತ ಕೇಳಿದರೆ ಸಾಕು. ಕೊಟ್ಟರೆ ಹಣ ಕೊಡುವುದು. ಇಲ್ಲವಾದರೆ ಫಲಕದ ಮೇಲಿನ ಸಂಖ್ಯೆಗೆ ತಿಳಿಸುವುದು. ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೆಯವನಿಗೆ ಕೇಳದೆಯೇ ರಸೀದಿ ದೊರೆಯುತ್ತದೆ. ಒಬ್ಬನೇ ಕೇಳಿದರೆ ಅವನು ಜಿಪುಣನೆನಿಸಿಕೊಳ್ಳುತ್ತಾನೆ. ಊರೇ ಕೇಳಿದರೆ ಅದು ಪದ್ಧತಿಯಾಗುತ್ತದೆ.

ಕೊಡುವ ಹಣದ ವಿಷಯದಲ್ಲಿ 'ಯಾವ ಅಧಿಕಾರದಿಂದ ಕೇಳುತ್ತೀರಿ?' ಎಂದು ಪ್ರಶ್ನಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದವರೂ, ಮುಂದೆ ಅಂಕೋಲೆ ಸಿದ್ದಾಪುರಗಳಲ್ಲಿ ಕರನಿರಾಕರಣೆ ಮಾಡಿ ಹೊಲಮನೆಗಳನ್ನು ಕಳೆದುಕೊಂಡ ರೈತರೂ ಕೇಳಿದ್ದು ಇದೇ ಪ್ರಶ್ನೆಯನ್ನು. ಅವರು ಕೇಳಿದ್ದು ಒಂದು ಸಾಮ್ರಾಜ್ಯವನ್ನು. ಅದಕ್ಕಾಗಿ ತೆತ್ತ ಬೆಲೆಯನ್ನು ಇಂದಿನ ನಮ್ಮ ಸಣ್ಣ ತೊಡಕಿನೊಡನೆ ಹೋಲಿಸುವ ಧೈರ್ಯ ನಮಗಿಲ್ಲ. ಅಂಥವರ ಮೊಮ್ಮಕ್ಕಳು ಇಂದು ತಮ್ಮವರೇ ಆರಿಸಿದ ಪಂಚಾಯತಿಯ ಬಯಲಿನಲ್ಲಿ ನಿಂತು ಒಂದು ತುಂಡು ಕಾಗದವನ್ನು ಕೇಳಲು ಸಂಕೋಚಪಟ್ಟರೆ ಅದು ವಿನಯವಲ್ಲ, ಮರೆವು. ವಂಚಕನಿಗೆ ಬೇಕಾದದ್ದು ನಮ್ಮ ಅಜ್ಞಾನಕ್ಕಿಂತ ಹೆಚ್ಚಾಗಿ ನಮ್ಮ ಈ ಸಂಕೋಚವೇ. ಕೇಳುವ ನಾಲಗೆಯೂ, ಕೇಳಿದ್ದಕ್ಕೆ ಉತ್ತರ ಕೊಡುವ ಕಚೇರಿಯೂ ಊರಿನಲ್ಲಿ ಜೊತೆಯಾಗಿ ಇದ್ದರೆ ಕಳ್ಳನು ಬೇರೆ ಊರನ್ನು ಹುಡುಕಿಕೊಳ್ಳಬೇಕಾದೀತು. ಬರಲಿರುವ ಪ್ರವಾಸಿಗಳ ಕಾಲಕ್ಕೆ ಮುಂಚಿತವಾಗಿಯೇ ನಮ್ಮ ಬಯಲುಗಳಲ್ಲಿ ಫಲಕಗಳು ಏಳಲಿ. ಏಳುವವರೆಗೆ ನಮ್ಮ ವಾಚಕರು ರಸೀದಿ ಕೇಳುವುದನ್ನು ನಾಳೆಯಿಂದಲೇ ಆರಂಭಿಸಲಿ.